ಬೀಗದ ಕೈ ಯಾರ ಹತ್ತಿರ? ಸಕಲೇಶಪುರ ಸೀಮೆಯ ಒಂದು ನಂಬಿಕೆ ಸಮೀಕ್ಷೆ

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ, ಕಾಫಿ ಕೊಯ್ಲಿನ ಕಾಲದಲ್ಲಿ ಒಂದು ಸಣ್ಣ ಸಮೀಕ್ಷೆ ನಡೆಯಿತು. ವಿಷಯ ನಂಬಿಕೆ. ಊರಿನವರು ಯಾರನ್ನು ನಂಬುತ್ತಾರೆ, ಎಷ್ಟು ನಂಬುತ್ತಾರೆ, ತೋಟದ ಕೆಲಸಕ್ಕೆ ಹೊರಗಿನಿಂದ ಬಂದವರು ಊರಿನವರನ್ನು ನಂಬುತ್ತಾರಾ, ಇಷ್ಟು. ಮಾಡಿದ್ದು ಹಾಸನದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದ ಒಬ್ಬ ಹುಡುಗಿ, ತನ್ನ ಪ್ರಾಜೆಕ್ಟ್‌ಗಾಗಿ. ಅಂಕಿ-ಅಂಶದ ಕಡೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೊದಲ ಟೇಬಲ್ ನೋಡಿದರೆ ಕತೆ ಸಲೀಸಾಗಿತ್ತು. ಊರಿನವರಲ್ಲಿ ಹೆಚ್ಚಿನವರು 'ಜನರ ಹತ್ತಿರ ಹುಷಾರಾಗಿರಬೇಕು' ಅಂದಿದ್ದರು. ಲೈನ್ ಮನೆಗಳಲ್ಲಿ, ಅಂದರೆ ತೋಟದವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ಇರುವ ಹೊರಗಿನ ಕೂಲಿಯವರು ಹೆಚ್ಚುಕಮ್ಮಿ ಎಲ್ಲರೂ 'ನಂಬಬಹುದು' ಅಂದಿದ್ದರು. ಅಂದರೆ ಸಾವಿರಾರು ಮೈಲಿ ದೂರದಿಂದ ಬಂದವರಿಗೆ ಇಲ್ಲಿಯವರ ಮೇಲೆ ಪೂರ್ತಿ ನಂಬಿಕೆ, ಇಲ್ಲೇ ಹುಟ್ಟಿ ಬೆಳೆದವರಿಗೆ ಅನುಮಾನ. ಪತ್ರಿಕೆಗೆ ಒಳ್ಳೆ ತಲೆಬರಹ. ಆದರೆ ಇದರಲ್ಲಿ ಅರ್ಧದಷ್ಟು, ಪ್ರಶ್ನೆ ಎಲ್ಲಿ ಕೂತು ಕೇಳಿದರು ಅನ್ನುವುದರಿಂದ ಹುಟ್ಟಿದ ಉತ್ತರ. ಅದು ಹೇಗೆ ಗೊತ್ತಾಯಿತು ಅನ್ನುವುದೇ ಈ ಪ್ರಕರಣ.

ಪ್ರಶ್ನೆ ಎಲ್ಲಿಂದ ಬಂತು

ನಂಬಿಕೆ ಅಳೆಯುವುದಕ್ಕೆ ಹೊಸ ಪ್ರಶ್ನೆ ಹುಡುಕಬೇಕಾಗಿಲ್ಲ. ಎಲಿಜಬೆತ್ ನೊಯೆಲ್ಲೆ-ನಾಯ್ಮನ್ ಅನ್ನುವವರು 1948ರಲ್ಲೇ, ಯುದ್ಧದಿಂದ ಆಗಷ್ಟೇ ಸುಧಾರಿಸಿಕೊಳ್ಳುತ್ತಿದ್ದ ಜರ್ಮನಿಯಲ್ಲಿ, ಹೆಚ್ಚಿನ ಜನರನ್ನು ನಂಬಬಹುದಾ ಅಂತ ಕೇಳಿಸಿದ್ದರು. 1956ರಲ್ಲಿ ಅಮೆರಿಕದ ಮಾರಿಸ್ ರೋಸೆನ್‌ಬರ್ಗ್ ಅದಕ್ಕೆ ಈಗಿನ ರೂಪ ಕೊಟ್ಟರು. ಒಟ್ಟಾರೆ ಹೇಳುವುದಾದರೆ ಹೆಚ್ಚಿನ ಜನರನ್ನು ನಂಬಬಹುದು ಅನ್ನುತ್ತೀರಾ, ಅಥವಾ ಜನರ ಜೊತೆ ವ್ಯವಹರಿಸುವಾಗ ಎಷ್ಟು ಹುಷಾರಾಗಿದ್ದರೂ ಸಾಲದು ಅನ್ನುತ್ತೀರಾ? ಎರಡೇ ಉತ್ತರ. ಅಮೆರಿಕದ ಜನರಲ್ ಸೋಶಿಯಲ್ ಸರ್ವೆ 1972ರಿಂದ ಇದನ್ನು ಕೇಳುತ್ತಾ ಬಂದಿದೆ. ಅಲ್ಲಿ 'ನಂಬಬಹುದು' ಅನ್ನುವವರು 1972ರಲ್ಲಿ ಶೇ. 46 ಇದ್ದರು, 2018ರ ಹೊತ್ತಿಗೆ ಶೇ. 34ಕ್ಕೆ ಇಳಿದರು. 1981ರಲ್ಲಿ ಶುರುವಾದ ವರ್ಲ್ಡ್ ವ್ಯಾಲ್ಯೂಸ್ ಸರ್ವೆ ಇದೇ ಪ್ರಶ್ನೆಯನ್ನು ದೇಶದೇಶಕ್ಕೆ ಒಯ್ದಿತು. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಹತ್ತರಲ್ಲಿ ಏಳು ಜನ ನಂಬಬಹುದು ಅನ್ನುತ್ತಾರೆ. ಬ್ರೆಜಿಲ್, ಕೊಲಂಬಿಯಾಗಳಲ್ಲಿ ಹತ್ತರಲ್ಲಿ ಒಬ್ಬರೂ ಸಿಗುವುದಿಲ್ಲ.

ಈ ಪ್ರಶ್ನೆಯ ತೊಂದರೆಯೂ ಹಳೆಯದೇ. 'ಹೆಚ್ಚಿನ ಜನ' ಅಂದಾಗ ಕೇಳಿಸಿಕೊಂಡವರ ಕಣ್ಣ ಮುಂದೆ ಯಾರು ಬರುತ್ತಾರೆ? ಯಾನ್ ಡೆಲ್ಹೆ, ಕೆನೆತ್ ನ್ಯೂಟನ್, ಕ್ರಿಶ್ಚಿಯನ್ ವೆಲ್ಜೆಲ್ ಮೂವರೂ 2011ರಲ್ಲಿ 51 ದೇಶಗಳ ಉತ್ತರ ಇಟ್ಟುಕೊಂಡು ಇದನ್ನು ನೋಡಿದರು. ಕೆಲವು ಕಡೆ ಆ ಮಾತು ಕೇಳಿದ ತಕ್ಷಣ ಅಪರಿಚಿತರೂ ಲೆಕ್ಕಕ್ಕೆ ಬರುತ್ತಾರೆ. ಇನ್ನು ಕೆಲವು ಕಡೆ ನೆಂಟರು, ಪಕ್ಕದ ಮನೆಯವರು ಇಷ್ಟಕ್ಕೇ ನಿಲ್ಲುತ್ತದೆ. ಚೀನಾದಲ್ಲಿ 'ನಂಬಬಹುದು' ಅನ್ನುವವರ ಸಂಖ್ಯೆ ಭಾರಿ ಇದೆ, ಆದರೆ ಆ ನಂಬಿಕೆಯ ಸುತ್ತಳತೆ ಚಿಕ್ಕದು. ಇದನ್ನು ಹಿಡಿಯುವುದಕ್ಕೆ ವರ್ಲ್ಡ್ ವ್ಯಾಲ್ಯೂಸ್ ಸರ್ವೆಯಲ್ಲೇ ಇನ್ನೊಂದು ಸಾಲು ಪ್ರಶ್ನೆಗಳಿವೆ. ಮನೆಯವರು, ನೆರೆಹೊರೆಯವರು, ಪರಿಚಯದವರು, ಮೊದಲ ಸಲ ಭೇಟಿಯಾದವರು, ಬೇರೆ ಧರ್ಮದವರು, ಬೇರೆ ದೇಶದವರು: ಒಬ್ಬೊಬ್ಬರ ಬಗ್ಗೆಯೂ ಬೇರೆ ಬೇರೆಯಾಗಿ ಕೇಳುವುದು. ಉತ್ತರಕ್ಕೆ ನಾಲ್ಕು ಮೆಟ್ಟಿಲು, ಪೂರ್ತಿ ನಂಬಿಕೆಯಿಂದ ಒಂಚೂರೂ ಇಲ್ಲ ಅನ್ನುವವರೆಗೆ.

ನಮ್ಮ ವಿದ್ಯಾರ್ಥಿನಿ ಈ ಎರಡನ್ನೂ ತೆಗೆದುಕೊಂಡಳು. 'ಬೇರೆ ದೇಶದವರು' ಅನ್ನುವ ಜಾಗದಲ್ಲಿ 'ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರು' ಅಂತ ಹಾಕಿದಳು. ಲೈನ್ ಮನೆಗಳಲ್ಲಿ ಅದೇ ಜಾಗದಲ್ಲಿ 'ಈ ಊರಿನವರು' ಅಂತ ಬಂತು. ಸಂಸ್ಥೆಗಳ ಮೇಲಿನ ವಿಶ್ವಾಸಕ್ಕೆ ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆಯ ಪಟ್ಟಿ ಸಿಕ್ಕಿತು. ಪೊಲೀಸು, ಪಂಚಾಯ್ತಿ, ಕೋರ್ಟು, ಬ್ಯಾಂಕು, ಪೇಪರು, ರಾಜಕಾರಣಿಗಳು ಹೀಗೆ ಒಂದೊಂದರ ಬಗ್ಗೆಯೂ ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ ಅನ್ನುವ ಮೂರು ಉತ್ತರ.

ಆ ಸಮೀಕ್ಷೆಯ ಮಾಹಿತಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಗಿದ್ದ ಮೇಲೆ ಊರೂರು ಅಲೆಯುವುದು ಯಾಕೆ, ಹಾಸನದ ಸಾಲುಗಳನ್ನೇ ಹೆಕ್ಕಿ ಬರೆದರಾಯಿತಲ್ಲ ಅಂತ ಅವಳ ಗೆಳತಿಯರು ಹೇಳಿದ್ದರು. ಆಗುವುದಿಲ್ಲ. 2004-05ರ ಸುತ್ತಿನಲ್ಲಿ ಅವರು ದೇಶಾದ್ಯಂತ ಮಾತಾಡಿಸಿದ್ದು 41,554 ಮನೆಗಳನ್ನು, ಸುಮಾರು 380 ಜಿಲ್ಲೆಗಳಲ್ಲಿ. ಒಂದು ಜಿಲ್ಲೆಗೆ ಸರಾಸರಿ ನೂರು ಚಿಲ್ಲರೆ ಮನೆ. ದೇಶದ ಚಿತ್ರಕ್ಕೆ ಅದು ಧಾರಾಳವಾಗಿ ಸಾಕು. ಹಾಸನ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 17,76,421. ಅರಸೀಕೆರೆಯ ತೆಂಗಿನ ತೋಟವೂ ಅದರಲ್ಲೇ, ಸಕಲೇಶಪುರದ ಕಾಫಿ ತೋಟವೂ ಅದರಲ್ಲೇ. ನೂರು ಮನೆ ಇಟ್ಟುಕೊಂಡು ಇಷ್ಟು ಬಗೆಯ ಜನರ ಮನಸ್ಸಿನ ಬಗ್ಗೆ ಮಾತಾಡುವುದು ಸುಮ್ನೆ ಊಹೆ ಮಾಡಿದ ಹಾಗೆ.

ಪಟ್ಟಿಯಲ್ಲಿ ಇಲ್ಲದವರು

ಯಾರನ್ನು ಕೇಳಬೇಕು ಅನ್ನುವುದಕ್ಕೆ ಮೊದಲು ಒಂದು ಪಟ್ಟಿ ಬೇಕು. ನಮ್ಮ ದೇಶದಲ್ಲಿ ಅಭಿಪ್ರಾಯ ಸಮೀಕ್ಷೆಗೆ ಸುಲಭವಾಗಿ ಸಿಗುವುದು ಮತದಾರರ ಪಟ್ಟಿ. ದೆಹಲಿಯ ಸಂಶೋಧನಾ ಸಂಸ್ಥೆ ಲೋಕನೀತಿ-ಸಿಎಸ್‌ಡಿಎಸ್‌ನವರ ಚುನಾವಣಾ ಅಧ್ಯಯನಗಳೂ ಇದರಿಂದಲೇ ಹೆಸರು ಆರಿಸುತ್ತವೆ. ಮತಗಟ್ಟೆ ಪಟ್ಟಿ ತೆಗೆದುಕೊಂಡು, ಎಲ್ಲಿಂದಲೋ ಶುರು ಮಾಡಿ, ಇಂತಿಷ್ಟನೆಯ ಹೆಸರು ಅಂತ ಎಣಿಸುತ್ತಾ ಹೋದರೆ ಸ್ಯಾಂಪಲ್ ಸಿದ್ಧ. ಯಾರದೋ ಮುಖ ನೋಡಿ ಆರಿಸಿದ್ದಲ್ಲ ಅನ್ನುವ ಸಮಾಧಾನ.

ಮಲೆನಾಡಿನಲ್ಲಿ ಈ ಪಟ್ಟಿಗೆ ಎರಡು ಕಡೆ ತೂತಿದೆ. ಒಂದು, ಹೆಸರಿದೆ, ಆಳಿಲ್ಲ. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಕ್ಕಳ ಹೆಸರು ಇಲ್ಲೇ ಉಳಿದಿರುತ್ತದೆ, ವೋಟಿಗೆ ಬಂದು ಹೋಗುತ್ತಾರೆ. ಹೀಗೆ ಆರಿಸಿದ ಹೆಸರಿನವರು ಸಿಗದಿದ್ದಾಗ ಪಕ್ಕದ ಮನೆಯವರನ್ನು ಕೇಳಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಸ್ಯಾಂಪಲ್‌ನಲ್ಲಿ ಹಗಲು ಮನೆಯಲ್ಲಿ ಇರುವವರೇ ತುಂಬಿಕೊಳ್ಳುತ್ತಾರೆ. ಅವಳು ಹಾಗೆ ಮಾಡಲಿಲ್ಲ. ಸಂಜೆ ಮತ್ತೆ ಹೋದಳು, ಸಿಗದವರನ್ನು 'ಸಿಗಲಿಲ್ಲ' ಅಂತಲೇ ಬರೆದಳು.

ಎರಡನೆಯ ತೂತು ದೊಡ್ಡದು. ಆಳಿದ್ದಾರೆ, ಹೆಸರಿಲ್ಲ. ಇವತ್ತು ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಕೊಯ್ಲು ನಡೆಯುವುದು ಬಹುಪಾಲು ಹೊರಗಿನಿಂದ ಬಂದ ಕೆಲಸಗಾರರ ಕೈಯಲ್ಲಿ. ಅಸ್ಸಾಂ ಕಡೆಯಿಂದ ಗಂಡ, ಹೆಂಡತಿ, ಮಕ್ಕಳ ಸಮೇತ ಬಂದು ಲೈನ್‌ಗಳಲ್ಲಿ ಇರುತ್ತಾರೆ. ಅವರ ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೇಗೆ ಇರುತ್ತದೆ? 'ಹೊರಗಿನವರನ್ನು ನಂಬುತ್ತೀರಾ' ಅಂತ ಊರೆಲ್ಲ ಕೇಳಿ, ಆ ಹೊರಗಿನವರಲ್ಲಿ ಒಬ್ಬರನ್ನೂ ಮಾತಾಡಿಸದೆ ವರದಿ ಮುಗಿಸುವ ಸಮೀಕ್ಷೆ ಆಗುತ್ತಿತ್ತು. ಇಂಥವು ಎಷ್ಟೋ ಬಂದಿವೆ ಅನ್ನುವುದು ನನ್ನ ಅನುಮಾನ.

ಹಾಗಾಗಿ ಎರಡು ಪಟ್ಟಿ ಆಯಿತು. ಊರಿಗೆ ಮತದಾರರ ಪಟ್ಟಿ. ಲೈನ್‌ಗಳಿಗೆ ಅವಳೇ ಓಡಾಡಿ ಮನೆ ಮನೆ ಎಣಿಸಿ ಬರೆದ ಪಟ್ಟಿ. ಊರಿನಿಂದ ನೂರರ ಆಸುಪಾಸು ಜನ, ಲೈನ್‌ಗಳಿಂದ ಅದಕ್ಕಿಂತ ಕಮ್ಮಿ. ಎರಡನ್ನೂ ಕೂಡಿಸಿ 'ಈ ಪಂಚಾಯ್ತಿಯ ನಂಬಿಕೆ ಇಷ್ಟು' ಅಂತ ಒಂದೇ ಅಂಕಿ ಕೊಡುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆವು.

ಊರಿನ ಕಡೆ ಇನ್ನೊಂದು ತಡೆ ಎದುರಾಯಿತು. 'ಸರ್ವೆಗೆ ಬಂದಿದ್ದೀನಿ' ಅಂದ ಕೂಡಲೇ ಕೆಲವು ಮನೆಗಳಲ್ಲಿ ಮುಖ ಬದಲಾಗುತ್ತಿತ್ತು. ಯಾಕೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒತ್ತುವರಿ ಜಾಗದಲ್ಲಿ ಕಾಫಿ ಗಿಡ ಇಟ್ಟುಕೊಂಡವರಿಗೆ ಸರ್ವೆ ಅಂದರೆ ಚೈನು ಹಿಡಿದು ಬರುವವರು. ಇನ್ನು ಕೆಲವರದು 'ಮೇಷ್ಟ್ರುಗಳು ಬಂದು ಬರ್ಕೊಂಡು ಹೋದ್ರಲ್ಲ, ಮತ್ಯಾಕೆ?' ಅನ್ನುವ ಪ್ರಶ್ನೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ನೆನಪು ಇನ್ನೂ ಹಸಿಯಾಗಿತ್ತು. 'ಕಾಲೇಜಿನ ಓದಿಗೆ, ಹೆಸರು ಬರ್ಕೊಳಲ್ಲ' ಅಂತ ಶುರು ಮಾಡಿದ ಮೇಲೆ ಬಾಗಿಲು ತೆರೆಯತೊಡಗಿತು. ಬಾಗಿಲು ತೆರೆಯದವರೂ ಇದ್ದರು. ನಂಬಿಕೆಯ ಸಮೀಕ್ಷೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಯಾರನ್ನೂ ನಂಬದವರು ನಿಮ್ಮನ್ನೂ ನಂಬುವುದಿಲ್ಲ, ಪ್ರಶ್ನೆಗೆ ಉತ್ತರ ಕೊಡುವುದೂ ಇಲ್ಲ. ಇಂಥ ಸಮೀಕ್ಷೆಯಲ್ಲಿ ನಂಬಿಕೆಯ ಅಂಕಿ ನಿಜಕ್ಕಿಂತ ಸ್ವಲ್ಪ ಮೇಲೇ ಬರುವ ಸಾಧ್ಯತೆ ಜಾಸ್ತಿ.

ಕಣದ ಪಕ್ಕ ಕೂತು ಕೇಳಿದ ಪ್ರಶ್ನೆ

ಲೈನ್‌ಗೆ ಹೋಗಬೇಕಾದರೆ ತೋಟದವರ ಒಪ್ಪಿಗೆ ಬೇಕು. ಒಪ್ಪಿಗೆ ಸಿಕ್ಕಿತು. ಸಾಹುಕಾರರು ಧಾರಾಳಿ. ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದರು, ರೈಟರು ಮೇಸ್ತ್ರಿಗೆ ಹೇಳಿದ. ಪಟ್ಟಿಯಿಂದ ಅವಳು ಆರಿಸಿದ ಮನೆಯವರನ್ನು ಮೇಸ್ತ್ರಿ ಒಬ್ಬೊಬ್ಬರಾಗಿ ಕರೆದು ಕಾಫಿ ಒಣಗಿಸುವ ಕಣದ ಪಕ್ಕದ ಕಟ್ಟೆ ಮೇಲೆ ಕೂರಿಸಿದ. ಅವಳಿಗೊಂದು ಪ್ಲಾಸ್ಟಿಕ್ ಕುರ್ಚಿ, ಕುಡಿಯಲು ಕಾಫಿ. ಹೆಜ್ಜೆ ದೂರದಲ್ಲಿ ಮೇಸ್ತ್ರಿ, ಹಣ್ಣಿನ ಮೂಟೆ ತೂಕ ಹಾಕುತ್ತಾ.

ಪ್ರಶ್ನೆ ಹಿಂದಿಯಲ್ಲಿ ಕೇಳಿದ್ದು. ಈ ಊರಿನವರನ್ನು ನಂಬುತ್ತೀರಾ? ಹಾಂ, ಪೂರಾ. ಪೊಲೀಸು? ಹಾಂ, ಪೂರಾ. ಪಂಚಾಯ್ತಿ? ಪೂರಾ. ಹೆಚ್ಚಿನ ಜನರನ್ನು ನಂಬಬಹುದಾ? ಹಾಂ.

ಪ್ರಶ್ನಾವಳಿಯಲ್ಲಿ ಒಂದು ಜೋಡಿ ಹೇಳಿಕೆ ಸೇರಿಸಿದ್ದೆವು, ಒಂದು ಶುರುವಿನಲ್ಲಿ, ಇನ್ನೊಂದು ಕೊನೆಯ ಹತ್ತಿರ. 'ಇಲ್ಲಿ ಹೆಚ್ಚಿನವರನ್ನು ನಂಬಬಹುದು' ಅನ್ನುವುದು ಮೊದಲನೆಯದು. 'ಇಲ್ಲಿ ಹುಷಾರಾಗಿರದಿದ್ದರೆ ಮೋಸ ಹೋಗುವುದು ಖಂಡಿತ' ಅನ್ನುವುದು ಎರಡನೆಯದು. ಎರಡಕ್ಕೂ 'ಹೌದು' ಅನ್ನುವುದು ಅಪರೂಪ ಆಗಬೇಕು. ಕಣದ ಪಕ್ಕ ಕೂತವರಲ್ಲಿ ಅದು ಅಪರೂಪ ಆಗಿರಲಿಲ್ಲ. ಅಂದರೆ ಅವರು ನಂಬಿಕೆಯ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಬೇಗ ಮುಗಿಯಲಿ ಅನ್ನುತ್ತಿದ್ದರು. ಕೊಯ್ಲಿನ ಕೂಲಿ ಕೆ.ಜಿ. ಲೆಕ್ಕದಲ್ಲಿ. ಕಟ್ಟೆ ಮೇಲೆ ಕೂತ ಒಂದೊಂದು ನಿಮಿಷವೂ ಬಟವಾಡೆ ದಿನ ಕೈಗೆ ಬರುವ ದುಡ್ಡಲ್ಲಿ ಕಮ್ಮಿ. ಪಕ್ಕದಲ್ಲಿ ಮೇಸ್ತ್ರಿ ಬೇರೆ. ಇಂಥ ಕಡೆ ಕೂತು ಯಾರಾದರೂ 'ಇಲ್ಲಿಯವರ ಮೇಲೆ ನಂಬಿಕೆ ಇಲ್ಲ' ಅಂತ ಹೇಳುತ್ತಾರಾ? ನಾನಾದರೂ ಹೇಳುತ್ತಿರಲಿಲ್ಲ.

ಮೇಸ್ತ್ರಿಯನ್ನು ಇದರಲ್ಲಿ ಖಳನಾಯಕ ಮಾಡುವುದು ಬೇಡ. ಬಿಸಿಲಲ್ಲಿ ನಿಲ್ಲಬಾರದು ಅಂತ ನೆರಳಿಗೆ ಕೂರಿಸಿದ, ಕೆಲಸ ಸಲೀಸಾಗಲಿ ಅಂತ ಸಾಲಾಗಿ ಕಳಿಸಿದ. ಅವನ ಉಪಕಾರವೇ ಡೇಟಾಗೆ ಅಪಕಾರ ಆಯಿತು, ಅಷ್ಟೇ.

ಅವಳು ಮುಂದೆ ಮಾಡಿದ ಕೆಲಸ ನನಗೆ ಇಡೀ ಪ್ರಾಜೆಕ್ಟ್‌ನಲ್ಲಿ ಇಷ್ಟವಾದ ಭಾಗ. ಲೈನ್‌ಗಳ ಪಟ್ಟಿಯಲ್ಲಿ ಉಳಿದಿದ್ದ ಹೆಸರುಗಳಿಗೆ ಸಂತೆ ದಿನ ಅಥವಾ ಸಂಜೆ, ಅವರು ಹೇಳಿದ ಜಾಗದಲ್ಲಿ ಮಾತು. ಪ್ರತಿ ಹಾಳೆಯ ಕೊನೆಯಲ್ಲಿ ಅವಳೇ ತುಂಬುವ ಒಂದು ಸಾಲು: 'ಮಾತಾಡುವಾಗ ಕಿವಿಗೆ ಬೀಳುವಷ್ಟು ಹತ್ತಿರ ಯಾರಿದ್ದರು?' ಯಾರೂ ಇಲ್ಲ, ಮನೆಯವರು, ಲೈನ್‌ನ ಬೇರೆಯವರು, ತೋಟದ ಕಡೆಯವರು. ದೊಡ್ಡ ಸಮೀಕ್ಷೆಗಳಲ್ಲೂ ಇಂಥದ್ದೊಂದು ಕಾಲಂ ಇರುತ್ತದೆ, ಆದರೆ ವರದಿ ಬರೆಯುವವರು ಅದನ್ನು ತಿರುಗಿ ನೋಡುವುದು ಕಮ್ಮಿ.

ಯಾರೂ ಇಲ್ಲದಾಗ ಉತ್ತರಗಳು ಹರಡಿಕೊಂಡವು. 'ಪೂರಾ' ಕಮ್ಮಿಯಾಯಿತು, 'ಥೋಡಾ' (ಸ್ವಲ್ಪ) ಬಂತು. ಸಾಹುಕಾರರ ಮೇಲೆ ನಂಬಿಕೆ ಇದೆ, ಮುಂಗಡದ ಲೆಕ್ಕ ಬರೆಯುವವರ ಮೇಲೆ ಅಷ್ಟಿಲ್ಲ ಅನ್ನುವಂಥ ಬಿಡಿ ಬಿಡಿ ಉತ್ತರ ಬಂದವು. ಪಂಚಾಯ್ತಿ ಬಗ್ಗೆ ಹಲವರು 'ಗೊತ್ತಿಲ್ಲ' ಅಂದರು. ಕಣದ ಪಕ್ಕ ಒಬ್ಬರಿಗೂ ಗೊತ್ತಿಲ್ಲದ್ದು ಏನೂ ಇರಲಿಲ್ಲ!

ಈ 'ಗೊತ್ತಿಲ್ಲ' ಅನ್ನುವುದನ್ನು ಏನು ಮಾಡಬೇಕು ಅನ್ನುವುದು ಬೇರೆಯೇ ತಲೆನೋವು. ಲೆಕ್ಕ ಸುಲಭವಾಗಲಿ ಅಂತ ಹೀಗಿಟ್ಟುಕೊಳ್ಳಿ: ನೂರು ಜನರಲ್ಲಿ 30 ನಂಬಿಕೆ ಇದೆ, 30 ಇಲ್ಲ, 40 ಗೊತ್ತಿಲ್ಲ. ಗೊತ್ತಿಲ್ಲದವರನ್ನು ಬಿಟ್ಟರೆ ನಂಬಿಕೆ ಶೇ. 50. ಸೇರಿಸಿಕೊಂಡರೆ ಶೇ. 30. ಎರಡು ಪತ್ರಿಕೆ ಎರಡು ಸುದ್ದಿ ಬರೆಯಬಹುದು, ಎರಡರಲ್ಲೂ ಲೆಕ್ಕ ತಪ್ಪಿರುವುದಿಲ್ಲ. ಪಂಚಾಯ್ತಿ ಕಚೇರಿಗೆ ಒಮ್ಮೆಯೂ ಹೋಗಬೇಕಾಗಿ ಬರದವರ 'ಗೊತ್ತಿಲ್ಲ' ಅಪನಂಬಿಕೆ ಅಲ್ಲ. ಅವಳು ಮೂರನ್ನೂ ಬೇರೆ ಬೇರೆ ಕಾಲಂನಲ್ಲೇ ಬಿಟ್ಟಳು.

ಊರಿನ ಕಡೆ ಉತ್ತರ ನಿಷ್ಕಳಂಕ ಅಂತಲ್ಲ. ಅಲ್ಲಿ ಪ್ರಶ್ನೆ ಕೇಳುವ ಮೊದಲೇ ಅವಳಿಗೆ ಪ್ರಶ್ನೆ. 'ಯಾವೂರಾಯ್ತು? ಯಾರ ಮನೆ ಹುಡುಗಿ?' ಈ ಎರಡರಲ್ಲಿ ಜಾತಿ, ನೆಂಟಸ್ತನ, ಪಾರ್ಟಿ ಎಲ್ಲ ಲೆಕ್ಕ ಹಾಕಿಕೊಂಡು ಆಮೇಲೆ ಉತ್ತರ. ಬೇರೆ ಧರ್ಮದವರ ಬಗ್ಗೆ, ಬೇರೆ ಜಾತಿಯವರ ಬಗ್ಗೆ ಕೇಳಿದಾಗ ಬಂದ ಉತ್ತರದಲ್ಲಿ ಅವಳ ಹೆಸರಿನ ಪಾಲೂ ಇದೆ. ಇನ್ನೊಬ್ಬಳು, ಬೇರೆ ಸಮುದಾಯದವಳು, ಅದೇ ಮನೆಗೆ ಹೋಗಿದ್ದರೆ ಬೇರೆ ಉತ್ತರ ಬರುತ್ತಿತ್ತೋ ಏನೋ. ಅದನ್ನು ನೋಡಬೇಕಾದರೆ ಇಬ್ಬರು ಮೂವರು ಕೇಳುವವರು ಬೇಕು, ಮನೆಗಳನ್ನು ಅವರಲ್ಲಿ ಚೀಟಿ ಎತ್ತಿ ಹಂಚಬೇಕು. ಒಬ್ಬಳ ಪ್ರಾಜೆಕ್ಟ್‌ನಲ್ಲಿ ಅದು ಆಗದ ಮಾತು.

ಬೀಗದ ಕೈ, ಕೈಸಾಲ, ಆನೆ

ಮನಸ್ಸಿನಲ್ಲಿ ಏನಿದೆ ಅಂತ ಕೇಳುವುದರ ಜೊತೆಗೆ ಏನು ಮಾಡುತ್ತೀರಿ ಅಂತಲೂ ಕೇಳಬೇಕು ಅನ್ನುವುದು ನನ್ನ ಹಠ. ಇದಕ್ಕೆ ಗಟ್ಟಿ ಆಧಾರ ಇದೆ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್ ಮತ್ತು ಜೊತೆಯವರು, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ವರ್ಡ್ ವಿದ್ಯಾರ್ಥಿಗಳಿಗೆ ನಂಬಿಕೆಯ ಪ್ರಶ್ನೆ ಕೇಳಿ, ಆಮೇಲೆ ನಿಜವಾದ ದುಡ್ಡು ಕೊಟ್ಟು, ಒಬ್ಬರು ಕಳಿಸಿದ್ದರಲ್ಲಿ ಇನ್ನೊಬ್ಬರು ಎಷ್ಟು ವಾಪಸ್ ಕೊಡುತ್ತಾರೆ ಅನ್ನುವ ಆಟ ಆಡಿಸಿ ನೋಡಿದರು. 'ಜನರನ್ನು ನಂಬಬಹುದು' ಅಂದವರು ಆಟದಲ್ಲಿ ಎದುರಿನವರನ್ನು ಜಾಸ್ತಿ ನಂಬಲಿಲ್ಲ. ಆದರೆ ಅವರ ಕೈಗೆ ಬಂದ ದುಡ್ಡನ್ನು ಹೆಚ್ಚು ಪ್ರಾಮಾಣಿಕವಾಗಿ ವಾಪಸ್ ಕೊಟ್ಟರು. ಯಾರು ನಂಬುತ್ತಾರೆ ಅಂತ ಹೇಳುವುದಕ್ಕೆ ಹೆಚ್ಚು ನೆರವಾಗಿದ್ದು, ಹಿಂದೆ ಸ್ನೇಹಿತರಿಗೆ ಸಾಲ ಕೊಟ್ಟಿದ್ದೀರಾ, ಬಾಗಿಲು ಬೀಗ ಹಾಕದೆ ಹೋಗುತ್ತೀರಾ ಅನ್ನುವಂಥ ಪ್ರಶ್ನೆಗಳು.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಆಗಲೇ ಹೇಳಿದ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆಯಲ್ಲೇ ಇದೆ. 2011-12ರ ಸುತ್ತಿನಲ್ಲಿ ಅಸ್ಪೃಶ್ಯತೆಯ ಬಗ್ಗೆ ಕೇಳುವಾಗ, ಮನೆಯಲ್ಲಿ ಯಾರಾದರೂ ಪಾಲಿಸುತ್ತಾರಾ ಅಂತ ನೇರವಾಗಿ ಕೇಳಿ ಅಲ್ಲಿಗೇ ಬಿಡಲಿಲ್ಲ. ಇಲ್ಲ ಅಂದವರಿಗೆ, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಪರವಾಗಿಲ್ಲವಾ ಅಂತ ಎರಡನೆಯ ಪ್ರಶ್ನೆ ಹಾಕಿದರು. ಕೊನೆಗೆ ಶೇ. 27ರಷ್ಟು ಮನೆಗಳು ಒಂದಲ್ಲ ಒಂದು ರೂಪದಲ್ಲಿ ಇದೆ ಅಂತ ಒಪ್ಪಿಕೊಂಡವು. ಅಡುಗೆಮನೆಯ ಪ್ರಶ್ನೆಗೆ ಭಾಷಣದ ಉತ್ತರ ಕೊಡುವುದು ಕಷ್ಟ.

ನಮ್ಮ ಪ್ರಶ್ನಾವಳಿಗೆ ಇಂಥ ಮೂರು ಸೇರಿದವು. ನಾಲ್ಕು ದಿನ ಊರಲ್ಲಿ ಇರಲ್ಲ ಅಂದರೆ ಬೀಗದ ಕೈ ಯಾರ ಹತ್ತಿರ ಬಿಡುತ್ತೀರಿ? ಕಳೆದ ವರ್ಷ ಪತ್ರ-ಗಿತ್ರ ಇಲ್ಲದೆ ಯಾರಿಗೆ ಕೈಸಾಲ ಕೊಟ್ಟಿರಿ? ಆನೆ ಬಂದಿದೆ ಅಂತ ರಾತ್ರಿ ಮೊಬೈಲ್‌ಗೆ ಸಂದೇಶ ಬಂದರೆ ಬೆಳಿಗ್ಗೆ ಏನು ಮಾಡುತ್ತೀರಿ?

ಮೊದಲ ಕರಡಿನಲ್ಲಿ ಕಾಫಿ ಕಳ್ಳತನದ ಪ್ರಶ್ನೆಯೂ ಇತ್ತು, ಅದೂ ನಂಬಿಕೆಯ ಪ್ರಶ್ನೆಗಿಂತ ಮೊದಲು. ರೇಟು ಏರಿದಾಗಿನಿಂದ ಕಣ ಕಾಯುವುದೇ ಒಂದು ಕೆಲಸ ಆಗಿರುವ ಕಾಲ ಇದು. ಕಳ್ಳರ ಸುದ್ದಿ ತೆಗೆದು, ಮರುಗಳಿಗೆಯಲ್ಲಿ 'ಜನರನ್ನು ನಂಬಬಹುದಾ' ಅಂದರೆ ಯಾರು ಹೌದು ಅಂದಾರು? ಅದನ್ನು ಕೊನೆಗೆ ಕಳಿಸಿದೆವು.

ಬೀಗದ ಕೈ ಪ್ರಶ್ನೆ ಏನು ಕೆಲಸ ಮಾಡಿತು ಅನ್ನುವುದಕ್ಕೆ ಒಂದು ಮಾತುಕತೆ ಸಾಕು. ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ, ಜಗಲಿ ಮೇಲೆ ಕೂತು ಮೆಣಸು ಬಿಡಿಸುತ್ತಿದ್ದರು. ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರನ್ನು ಎಷ್ಟು ನಂಬುತ್ತೀರಿ ಅಂತ ಕೇಳಿದ್ದಕ್ಕೆ ಕೈ ಆಡಿಸಿಬಿಟ್ಟರು.

'ಹೆಂಗೆ ನಂಬೋದು ಮಗಾ? ಇವತ್ತು ಇರ್ತಾರೆ, ನಾಳೆ ಗಾಡಿ ಹತ್ತುತಾರೆ.'

'ಒಂಚೂರೂ ನಂಬಲ್ಲ ಅಂತ ಬರ್ಕೊಳ್ಲಾ ಅಜ್ಜಿ?'

'ಬರ್ಕೋ.'

ಹತ್ತು ಪ್ರಶ್ನೆ ಆದ ಮೇಲೆ ಬೀಗದ ಕೈ ಬಂತು. ಮಗಳ ಮನೆಗೆ ಬೆಂಗಳೂರಿಗೆ ಹೋದಾಗ ಕೀ ಯಾರ ಹತ್ರ ಬಿಡ್ತೀರಿ?

'ಕೆಳಗಿನ ಲೈನಲ್ಲಿ ಒಬ್ಬಳಿದಾಳೆ, ಅವಳ ಹತ್ರ. ಕೋಳಿಗೆ ಅಕ್ಕಿ ಹಾಕ್ಬೇಕಲ್ಲ, ದೇವರ ದೀಪನೂ ಅವಳೇ ಹಚ್ತಾಳೆ.'

'ಅವಳು ಯಾವ ಕಡೆಯವಳು?'

'ಅಸ್ಸಾಮಿನೋಳು. ಅವಳು ನಮ್ಮೋಳೇ ಬಿಡು.'

ಇದನ್ನು ಕೇಳಿ ನಕ್ಕು, ಅಜ್ಜಿ ಹೇಳುವುದೊಂದು ಮಾಡುವುದೊಂದು ಅನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಮೊದಲ ಪ್ರಶ್ನೆ ಒಂದು ಗುಂಪಿನ ಬಗ್ಗೆ. ಆ ಗುಂಪಿನ ಬಗ್ಗೆ ಅವರಿಗೆ ಗೊತ್ತಿರುವುದು ಊರಲ್ಲಿ ಓಡಾಡುವ ಮಾತು. ಎರಡನೆಯ ಪ್ರಶ್ನೆ ದಿನಾ ನೋಡುವ ಒಬ್ಬ ಹೆಂಗಸಿನ ಬಗ್ಗೆ. ಎರಡೂ ಉತ್ತರ ನಿಜ. ಮೊದಲನೆಯದು ಮಾತ್ರ ಬರೆದುಕೊಂಡರೆ ಊರು ಮುನಿದುಕೊಂಡಂತೆ ಕಾಣುತ್ತದೆ. ಎರಡನೆಯದು ಮಾತ್ರ ಬರೆದುಕೊಂಡರೆ ಎಲ್ಲ ಸುಖವಾಗಿದೆ ಅನ್ನಿಸುತ್ತದೆ. ನಾಳೆ ಊರಲ್ಲಿ ಒಂದು ಕಳ್ಳತನ ಆದರೆ ಯಾರ ಲೈನ್‌ಗೆ ಮೊದಲು ಹುಡುಕಲು ಹೋಗುತ್ತಾರೆ ಅನ್ನುವುದು ಮೊದಲ ಉತ್ತರದಿಂದ ಗೊತ್ತಾಗುತ್ತದೆ. ಕೆಳಗಿನ ಲೈನ್‌ನ ಆ ಹೆಂಗಸಿನ ಪರವಾಗಿ ಯಾರು ಮಾತಾಡುತ್ತಾರೆ ಅನ್ನುವುದು ಎರಡನೆಯದರಿಂದ.

ಕೈಸಾಲದ ಪ್ರಶ್ನೆ ಅಷ್ಟು ಕೆಲಸ ಮಾಡಲಿಲ್ಲ. ಸ್ವಸಹಾಯ ಸಂಘದ ಸಾಲ, ಚೀಟಿ ದುಡ್ಡು, ಸೊಸೈಟಿ ಎಲ್ಲ ಒಂದಕ್ಕೊಂದು ಕಲಸಿಕೊಂಡು ಬಂತು.

ಆನೆ ಪ್ರಶ್ನೆ ಚೆನ್ನಾಗಿ ನಡೆಯಿತು. ಸಕಲೇಶಪುರ, ಆಲೂರು ಕಡೆ ಆನೆ ಎಲ್ಲಿದೆ ಅಂತ ಮೊಬೈಲ್ ಸಂದೇಶ, ರಸ್ತೆ ಬದಿಯ ಬೋರ್ಡು, ವಾಟ್ಸಾಪ್ ಗುಂಪು ಎಲ್ಲದರಲ್ಲೂ ಸುದ್ದಿ ಬರುತ್ತದೆ. ಇಲ್ಲಿ ನಂಬಿಕೆ ಅನ್ನುವುದು ಬಾಯಿಮಾತಲ್ಲ. ನಂಬಿದರೆ ತೋಟಕ್ಕೆ ಹೋಗುವುದಿಲ್ಲ, ಅಂದಿನ ಕೆಲಸ ಹೋಯಿತು. ನಂಬದೆ ಹೋದರೆ ಜೀವಕ್ಕೆ ಅಪಾಯ. ಸರ್ಕಾರ, ಇಲಾಖೆ ಅಂದಾಗ 'ಸ್ವಲ್ಪ' ಅಂದವರೂ ಸಂದೇಶ ಬಂದರೆ ಮನೆಯಲ್ಲೇ ಉಳಿಯುತ್ತೇವೆ ಅಂದರು. ಕೆಲವರು ಮೊದಲು ಮೇಲಿನ ತೋಟದವರಿಗೆ ಫೋನ್ ಮಾಡಿ ಕೇಳುತ್ತಾರೆ, ಆಮೇಲೆ ತೀರ್ಮಾನ. ಲೈನ್‌ನವರ ಉತ್ತರ ಬೇರೆ. ಕನ್ನಡದಲ್ಲಿ ಬರುವ ಸಂದೇಶ ಅವರಿಗೆ ಓದಲು ಬರುವುದಿಲ್ಲ. ಮೇಸ್ತ್ರಿ ಹೋಗಬಹುದು ಅಂದರೆ ಹೋಗುತ್ತಾರೆ. ಕಣದ ಪಕ್ಕ 'ಪೂರಾ' ಅಂದದ್ದರಲ್ಲಿ ನಿಜವಾದ ಪಾಲೂ ಇತ್ತು ಅಂತ ನನಗೆ ಅನ್ನಿಸಿದ್ದು ಈ ಉತ್ತರ ನೋಡಿದಾಗ. ಬೇರೆ ದಾರಿ ಇಲ್ಲದಾಗ ನಂಬುವುದೂ ಒಂದು ಬಗೆ. ಅದನ್ನು ನಾಲ್ಕು ಮೆಟ್ಟಿಲಿನ ಯಾವ ಮೆಟ್ಟಿಲಲ್ಲಿ ಇಡುವುದು?

ಲೆಕ್ಕ ಎಷ್ಟು ದೂರ ಎಳೆಯಬಹುದು

ನೂರು ಜನರನ್ನು ಸರಿಯಾಗಿ ಆರಿಸಿ ಕೇಳಿದರೆ ಶೇಕಡಾವಾರು ಅಂಕಿ ಹತ್ತರಷ್ಟು ಮೇಲೆ ಕೆಳಗೆ ಆಗಬಹುದು. ನಾನೂರು ಜನ ಆದರೆ ಐದು. ಇಪ್ಪತ್ತೈದೇ ಜನ ಆದರೆ ಇಪ್ಪತ್ತು. ಊರಿನ ನೂರು ಜನರನ್ನು ಗಂಡು-ಹೆಣ್ಣು, ಜಾತಿ, ವಯಸ್ಸು ಅಂತ ಒಡೆಯುತ್ತಾ ಹೋದರೆ ಟೇಬಲ್‌ನ ಒಂದೊಂದು ಚೌಕದಲ್ಲಿ ಎಂಟು ಹತ್ತು ಜನ ಉಳಿಯುತ್ತಾರೆ. ಅಲ್ಲಿಗೆ ಶೇಕಡಾ ಬರೆಯುವುದೇ ಬೇಡ ಅಂದೆ.

ಲೈನ್‌ಗಳ ಕಡೆ ಇನ್ನೂ ಒಂದು ತೊಡಕು. ಒಂದೇ ಲೈನ್‌ನ ಹತ್ತು ಜನ ಒಂದೇ ಊರಿನಿಂದ, ಒಂದೇ ಮೇಸ್ತ್ರಿ ಕೈಕೆಳಗೆ ಬಂದವರು. ಒಬ್ಬರ ಅನುಭವ ಇನ್ನೊಬ್ಬರದ್ದರ ಹಾಗೇ ಇರುತ್ತದೆ. ಒಂದೇ ಪಾತ್ರೆಯ ಹತ್ತು ಅಗುಳು ಹಿಸುಕಿದರೂ ತಿಳಿಯುವುದು ಆ ಒಂದು ಪಾತ್ರೆಯ ಸಂಗತಿ. ಇದಕ್ಕೆ ಲೆಕ್ಕವೂ ಇದೆ. ಒಂದು ಗುಂಪಿನಿಂದ ಹತ್ತು ಜನರಂತೆ ತೆಗೆದುಕೊಂಡು, ಅವರ ನಡುವಿನ ಹೋಲಿಕೆ (ಏನೂ ಇಲ್ಲದಿದ್ದರೆ 0, ಎಲ್ಲರೂ ಒಂದೇ ಥರ ಇದ್ದರೆ 1) 0.1 ಅಂತ ಇಟ್ಟರೆ, ಒಂದಕ್ಕೆ ಒಂಬತ್ತು ಪಟ್ಟು 0.1 ಕೂಡಿಸಿ 1.9. ನೂರನ್ನು ಇದರಿಂದ ಭಾಗಿಸಬೇಕು. ಅಂದರೆ ನೂರು ಜನರನ್ನು ಕೇಳಿದ್ದರೂ ಬಿಡಿ ಬಿಡಿಯಾಗಿ ಆರಿಸಿದ 53 ಜನರನ್ನು ಕೇಳಿದಷ್ಟೇ ಬೆಲೆ. ನಂಬಿಕೆಯಂಥ ವಿಷಯದಲ್ಲಿ ಹೋಲಿಕೆ ಇದಕ್ಕಿಂತ ಜಾಸ್ತಿಯೂ ಇರಬಹುದು. ಇನ್ನೊಂದು ಸಲ ಮಾಡುವುದಾದರೆ ಒಂದು ಲೈನ್‌ನಿಂದ ಹತ್ತು ಜನರ ಬದಲು ಐದು ಲೈನ್‌ನಿಂದ ಎರಡೆರಡು ಜನ ಒಳ್ಳೆಯದು. ಓಡಾಟ ಜಾಸ್ತಿ, ಏನು ಮಾಡುವುದು.

ಕಣದ ಪಕ್ಕ ಕೇಳಿದ್ದು, ಬೇರೆ ಕಡೆ ಕೇಳಿದ್ದು, ಇವೆರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು. ಆದರೂ ಅದನ್ನು ಪ್ರಯೋಗ ಅಂತ ಕರೆಯಲು ಬಿಡಲಿಲ್ಲ. ಯಾರನ್ನು ಎಲ್ಲಿ ಕೇಳುವುದು ಅಂತ ಚೀಟಿ ಎತ್ತಿ ಹಂಚಿರಲಿಲ್ಲ. ಸಂಜೆ ಮಾತಿಗೆ ಸಿಕ್ಕವರು ಸ್ವಲ್ಪ ಧೈರ್ಯದವರೇ ಇರಬಹುದು, ಅಲ್ವಾ? ಕಣದ ಪಕ್ಕದ ಹಾಳೆಗಳನ್ನು ಎಸೆಯಲೂ ಇಲ್ಲ. ಅವು ಬೇರೆ ಟೇಬಲ್‌ನಲ್ಲಿ, ಮೇಲೆ 'ತೋಟದವರ ಎದುರು ಕೇಳಿದ್ದು' ಅನ್ನುವ ತಲೆಬರಹದ ಜೊತೆ ಇವೆ.

'ಹೆಚ್ಚಿನ ಜನರನ್ನು ನಂಬಬಹುದಾ' ಅನ್ನುವ ಹಳೆ ಪ್ರಶ್ನೆಯನ್ನು ಮುಂದಿನ ಸಲ ಬಿಟ್ಟುಬಿಡೋಣ ಅಂತ ಅವಳು ಕೇಳಿದಳು. ನಾನು ಬೇಡ ಅಂದೆ. ಎಪ್ಪತ್ತು ವರ್ಷದಿಂದ ಲೋಕವೆಲ್ಲ ಕೇಳುತ್ತಿರುವ ಪ್ರಶ್ನೆ ಅದು. ಅದರ ದೋಷ ಎಲ್ಲ ಕಡೆ ಚರ್ಚೆಯಾಗಿದೆ. ಗೊತ್ತಿರುವ ದೋಷದ ಪ್ರಶ್ನೆ, ಗೊತ್ತಿಲ್ಲದ ದೋಷದ ಹೊಸ ಪ್ರಶ್ನೆಗಿಂತ ವಾಸಿ. ಪಕ್ಕದಲ್ಲಿ ಬೀಗದ ಕೈ ಇರಬೇಕು, ಅಷ್ಟೇ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ಕೇಳಿಸಿಕೊಂಡು, ಕೊನೆಗೆ ನೇರವಾಗಿ ಕೇಳಿದರು. 'ಅದೆಲ್ಲ ಸರಿಯಮ್ಮಾ, ಒಟ್ಟಿನಲ್ಲಿ ಅಲ್ಲಿ ನಂಬಿಕೆ ಜಾಸ್ತಿನೋ ಕಮ್ಮಿನೋ?' ಅವಳು ಎರಡು ಟೇಬಲ್ ಮುಂದಿಟ್ಟು, ಮೂರನೆಯದಾಗಿ ಯಾರ ಎದುರು ಕೇಳಿದ್ದು ಅನ್ನುವ ಟೇಬಲ್ ಇಟ್ಟಳು. 'ಯಾರ ಬಗ್ಗೆ ಕೇಳ್ತಿದ್ದೀರಿ ಸಾರ್?' ಅಂದಳು. ಅವರಿಗೆ ಅದು ಪೂರ್ತಿ ಹಿಡಿಸಲಿಲ್ಲ. ಒಂದು ಅಂಕಿ ಇದ್ದಿದ್ದರೆ ಚೆನ್ನಾಗಿತ್ತು ಅಂತ ಷರಾ ಬರೆದು, ಅಂಕ ಮಾತ್ರ ಕೈತುಂಬ ಕೊಟ್ಟರು.

ಈ ವರ್ಷದ ಬ್ಯಾಚ್‌ನ ಒಬ್ಬ ಹುಡುಗ ಇದೇ ಪ್ರಶ್ನಾವಳಿಯನ್ನು ಅರಸೀಕೆರೆ ಕಡೆ ಒಯ್ಯುತ್ತೇನೆ ಅನ್ನುತ್ತಿದ್ದಾನೆ. ಅಲ್ಲಿ ಲೈನ್ ಇಲ್ಲ, ಆನೆ ಸಂದೇಶದ ಕಾಟವೂ ಇಲ್ಲ. ಕೊಬ್ಬರಿ ತೂಕ ಯಾರ ತಕ್ಕಡಿಯಲ್ಲಿ ಹಾಕಿಸುತ್ತೀರಿ, ಹಾಕುವಾಗ ಎದುರು ನಿಲ್ಲುತ್ತೀರಾ ಅಂತ ಕೇಳಿನೋಡು ಅಂದಿದ್ದೇನೆ.